ಸೋಮಿ ಬೇಯಿಸಿದ ಕೆಂಬೇರಿ

ಬಹಳ ಹಿಂದೆ, ಅಳಿವೆಯ ಬಾಯಲ್ಲಿದ್ದ ಒಂದು ಊರಿಗೆ ಹಡಗು ಒಡೆದು ಮನುಷ್ಯನೊಬ್ಬ ತೇಲಿಬಂದ. ಒಂದು ಭರಣಿಯನ್ನು ಅಪ್ಪಿಕೊಂಡಿದ್ದ. ಜನ ಹೆಣ ಅಂದುಕೊಂಡರು. ಹೆಣ ಕೆಮ್ಮಿತು. ಎಲ್ಲರೂ ಓಡಿದರು. ಓಡದೆ ನಿಂತವಳು ಸೋಮಿ ಒಬ್ಬಳೇ ಅಂತಾರೆ.

ಸೋಮಿಯ ಗಂಡನನ್ನು ಕಡಲು ಕೊಂಡೊಯ್ದಿತ್ತು. ಹೆಣವೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಹಾಲುಗಲ್ಲದ ಮಗ ಮಂಕಾಳ. ಬಂದವನನ್ನು ಜಗಲಿಯಲ್ಲಿ ಮಲಗಿಸಿ ಗಂಜಿ ಕೊಟ್ಟಳು. ಅವನು ಚೀನಾ ದೇಶದವನು ಅಂತಾರೆ. ಅದಕ್ಕೂ ಆಚೆಯವನು ಅಂತಲೂ ಅಂತಾರೆ. ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ.

ಎದ್ದು ಕೂತ ಮೇಲೆ ಅವನು ಮಾಡಿದ ಮೊದಲ ಕೆಲಸ ಅಡುಗೆ. ಒಂದು ಕೆಂಬೇರಿ ಮೀನು ತೆಗೆದುಕೊಂಡ. ಹುರುಪೆ ಕೆರೆದ. ಹೊಟ್ಟೆ ತೊಳೆದು ಶುಂಠಿ ತುರುಕಿದ. ತುಂಡು ಮಾಡಲಿಲ್ಲ. ಸೋಮಿ ಭತ್ತ ಬೇಯಿಸುವ ಹಂಡೆಯೊಳಗೆ, ನೀರಿಗೆ ತಾಗದ ಹಾಗೆ ಬಿದಿರುಕಡ್ಡಿ ಅಡ್ಡ ಇಟ್ಟ. ಅದರ ಮೇಲೆ ಅರಿಶಿನ ಎಲೆ ಹಾಸಿ, ಮೀನನ್ನು ತಲೆ ಬಾಲ ಸಮೇತ ಮಲಗಿಸಿ ಮುಚ್ಚಿದ. ಒಂದು ಎಲೆಯಡಿಕೆ ಜಗಿದು ಉಗಿಯುವಷ್ಟು ಹೊತ್ತು, ಅಷ್ಟೇ.

ಮುಚ್ಚಳ ತೆಗೆದರೆ ಮೀನು ಬಿಳಿ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಮೆಣಸಿಲ್ಲ, ಕಾಯಿಯಿಲ್ಲ, ಹುಳಿಯಿಲ್ಲ. ನೋಡಲು ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅವನು ಭರಣಿಯಿಂದ ಕಪ್ಪು ನೀರು ತೆಗೆದು ಚಿಮುಕಿಸಿದ. ಹಸಿ ಈರುಳ್ಳಿ ಸೊಪ್ಪು ಹರಡಿದ. ಮೇಲಿಂದ ಕಾದ ಎಣ್ಣೆ ಸುರಿದ. ಮೀನು ಚೊಯ್ಯೆಂದು ಕಿರುಚಿತು. ಹೆಂಗಸರು ಅಂಗಳ ದಾಟಿ ನಿಂತರು.

"ಎಂತದೇ ಸೋಮಿ, ಹೆಣ ಮಲಗಿಸಿದ ಹಾಂಗೆ ಮಲಗಿಸಿದ್ದಾನೆ," ಎಂದಳು ಒಬ್ಬಳು. "ಇದನ್ನ ತಿನ್ನೂದಾ, ಹೂಳೂದಾ?"

ಸೋಮಿ ತಿಂದಳು. ಮುಳ್ಳು ಮಾತ್ರ ಉಳಿಯಿತು ಅಂತಾರೆ.

ಅದನ್ನೆಲ್ಲ ಅವನು ಅವಳಿಗೆ ಕಲಿಸಿದ. ಇನ್ನೊಂದನ್ನೂ ಕಲಿಸಿದ. ಮೇಲಿನ ಬದಿ ತಿಂದಾದ ಮೇಲೆ ಮೀನನ್ನು ಮಗುಚಬಾರದು. ನಡುಮುಳ್ಳನ್ನು ಬಾಲದಿಂದ ಎತ್ತಿ ತೆಗೆದು, ಕೆಳಗಿನ ಬದಿ ತಿನ್ನಬೇಕು. ಮೀನು ಮಗುಚಿದರೆ ದೋಣಿ ಮಗುಚುತ್ತದೆ. ಇದನ್ನು ಹೇಳಲು ಅವನಿಗೆ ನಮ್ಮ ಮಾತು ಬರುತ್ತಿರಲಿಲ್ಲ. ತೆಂಗಿನ ಚಿಪ್ಪನ್ನು ನೀರಲ್ಲಿ ತೇಲಿಬಿಟ್ಟು, ಬೋರಲು ಹಾಕಿ, ಅತ್ತು ತೋರಿಸಿದ.

ಮುಂದೆ ಯಾವುದೋ ಹಡಗು ಹತ್ತಿ ಹೋದ. ಭರಣಿ ಬಿಟ್ಟುಹೋದ. ಅದು ಬರಿದಾದಾಗ ಸೋಮಿ ಹುರುಳಿಯನ್ನು ಉಪ್ಪುನೀರಲ್ಲಿ ಕೊಳೆಹಾಕಿ ತಾನೇ ಕಪ್ಪು ನೀರು ಮಾಡಿದಳು. ಊರೆಲ್ಲ ನಾರಿತು ಅಂತಾರೆ.

ಮಂಕಾಳ ಬೆಳೆದ. ಮಳೆ ಮುಗಿದು, ದೋಣಿ ಇಳಿಸುವ ಮೊದಲು ಕಡಲಿಗೆ ತೆಂಗಿನಕಾಯಿ ಕೊಡುವ ದಿನ ಬಂತು. ಅಂದು ಅವನು ಮೊದಲ ಸಲ ಜಟ್ಟಪ್ಪ ತಾಂಡೇಲನ ದೋಣಿ ಹತ್ತುವವನಿದ್ದ. ತಾಂಡೇಲ ಅಂದರೆ ದೋಣಿ ನಡೆಸುವವನು. ಹೊಸಬನ ಮನೆಯಲ್ಲಿ ದೋಣಿಯವರೆಲ್ಲ ಉಂಡು ಹೊರಡುವುದು ರೂಢಿ. ಸೋಮಿ ತೋಳುದ್ದದ ಕೆಂಬೇರಿಯನ್ನು ಹಬೆಯಲ್ಲಿ ಬೇಯಿಸಿದಳು.

ಆ ಊರಲ್ಲಿ ಮೀನಿನ ತಲೆ ತಾಂಡೇಲನ ಪಾಲು. ತಲೆ ತನ್ನ ಕಡೆಗಿಟ್ಟ ಇಡೀ ಮೀನು ಕಂಡು ಜಟ್ಟಪ್ಪ ಹಿಗ್ಗಿದ. ಉಂಡರು. ಮೇಲಿನ ಬದಿ ಮುಗಿಯಿತು. ಜಟ್ಟಪ್ಪ ಬಾಲಕ್ಕೆ ಕೈ ಹಾಕಿದ.

"ತಾಂಡೇಲಣ್ಣ, ಮಗುಚಬೇಡ," ಎಂದಳು ಸೋಮಿ.

"ಮತ್ತೆಂತ, ಅರ್ಧ ಮೀನು ವಾಪಸ್ ಕಡಲಿಗೆ ಬಿಡೂದಾ?" ಎಂದು ಜಟ್ಟಪ್ಪ ಮಗುಚಿಯೇಬಿಟ್ಟ.

ಎಲ್ಲರೂ ನಕ್ಕರು. ಸೋಮಿ ಕಾರಣ ಹೇಳಿದಳು. ಇನ್ನೂ ನಕ್ಕರು. ಮಂಕಾಳನೂ ನಕ್ಕ. ಇವತ್ತೊಂದು ದಿನ ಹೋಗಬೇಡ ಅಂತ ಅವನ ಕೈ ಹಿಡಿದು ಬೇಡಿದಳು. ತಾಂಡೇಲನ ಎದುರು ತಾಯಿಯ ಸೆರಗಲ್ಲಿ ಅಡಗಲೇನು ಅಂತ ಅವನು ಕೈ ಕೊಡವಿದ.

ಗಂಡಸರು ಕಾಯಿ ಕೊಡಲು ನೀರಂಚಿಗೆ ಹೋದರು. ದೋಣಿ ಹಿಂದೆ ಮರಳ ಮೇಲಿತ್ತು. ಆಗಿನ ದೋಣಿಗೆ ಮೊಳೆಯಿಲ್ಲ. ಹಲಗೆಗೆ ಹಲಗೆಯನ್ನು ಕತ್ತದ, ಅಂದರೆ ತೆಂಗಿನ ನಾರಿನ, ಹುರಿಯಿಂದ ಹೊಲಿಯುತ್ತಿದ್ದರು. ಹೆಂಗಸು ದೋಣಿ ಮುಟ್ಟುವಂತಿರಲಿಲ್ಲ.

ಸೋಮಿ ಮೀನುಕತ್ತಿ ಹಿಡಿದು ಹೋದಳು. ಮೂತಿಯಿಂದ ಹಿಂದಿನ ತುದಿವರೆಗೆ ಹೊಲಿಗೆ ಕೊಯ್ದಳು, ಮೀನಿನ ಹೊಟ್ಟೆ ಸೀಳಿದ ಹಾಗೆ. ಹಲಗೆ ಬಾಯಿ ಬಿಟ್ಟಿತು.

ಕಾಯಿ ಕೊಟ್ಟು ತಿರುಗಿದವರು ನಿಂತಲ್ಲೇ ನಿಂತರು. ಅಂಥದ್ದನ್ನು ಆ ಕರಾವಳಿಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಮಂಕಾಳ ಬಾಯಿಬಿಟ್ಟ ಹಲಗೆಗಳನ್ನು ಕೈಯಿಂದ ಒತ್ತಿ ಕೂಡಿಸಲು ನೋಡಿದ.

"ಈಗ ಹೋಗಿ," ಎಂದಳು ಸೋಮಿ.

ಉಳಿದ ದೋಣಿಗಳು ಹೋದವು. ಅಂದು ಬಿರುಗಾಳಿ ಎದ್ದಿತು ಅಂತಾರೆ ಕೆಲವರು. ಸುಳ್ಳು. ಕಡಲು ದೀಪದ ಎಣ್ಣೆಯ ಹಾಗಿತ್ತು. ಹೋದ ದೋಣಿಗಳೆಲ್ಲ ತುಂಬಿ ಬಂದವು. ಏನೂ ಆಗಲಿಲ್ಲ. ಅದನ್ನು ಕಂಡು ಜನ ಇನ್ನೊಮ್ಮೆ ದಂಗಾದರು. ಸುಮ್ಮಸುಮ್ಮನೆ ದೋಣಿ ಸೀಳಿದಳಲ್ಲ ಅಂದರು. ಹೋಗದ ದೋಣಿ ಹೇಗೆ ಮಗುಚೀತು ಅಂತ ಸೋಮಿ ಕೇಳಿದಳಂತೆ.

ಸೀಳಿದವಳೇ ಹೊಲಿಯಲಿ ಎಂದಿತು ಊರು. ಸೋಮಿ ಕತ್ತ ಹೊಸೆದಳು. ಬೆರಳು ಒಡೆದು ರಕ್ತ ಬಂತು. ಹೊಲಿದಳು. ಆ ಹೊಲಿಗೆ ಮತ್ತೆ ಬಿಚ್ಚಲಿಲ್ಲ ಅಂತಾರೆ.

ಮಗ ಅವಳ ಸಂಗಡ ಮತ್ತೆ ಮಾತಾಡಲಿಲ್ಲ. ಅವಳು ಬೇಯಿಸಿದ್ದನ್ನು ತಿಂದ, ಮಾತಾಡಲಿಲ್ಲ. ಅವಳು ಸಾಯುವಾಗಲೂ ಆಡಲಿಲ್ಲ. ಮುಂದೆ ಅದೇ ದೋಣಿಗೆ ತಾಂಡೇಲನಾದ. ಮೀನು ಮಾತ್ರ ಎಂದೂ ಮಗುಚಲಿಲ್ಲ. ಹಲ್ಲುದುರಿ, ಸೊಂಟ ಬಾಗಿ, ಮನೆಯ ಚಾಪೆಯ ಮೇಲೆ ಸತ್ತ. ಆ ಮನೆತನದ ಗಂಡಸೊಬ್ಬ ನೆಲದ ಮೇಲೆ ಸತ್ತದ್ದು ಅದೇ ಮೊದಲು ಅಂತಾರೆ.

ಈಗಲೂ ಆ ಊರಲ್ಲಿ ಕಾಯಿ ಕೊಡುವ ದಿನ ಮನೆಮನೆಯಲ್ಲಿ ಇಡೀ ಮೀನನ್ನು ಹಬೆಯಲ್ಲಿ ಬೇಯಿಸುತ್ತಾರೆ. ನಡುಮುಳ್ಳನ್ನು ಬಾಲದಿಂದ ಎತ್ತಿ ತೆಗೆಯುತ್ತಾರೆ. ಉಣ್ಣಲು ಕೂರುವ ಮೊದಲು ಗಂಡಸರು ಮನೆಯ ಮೀನುಕತ್ತಿಯನ್ನು ಅಡಗಿಸಿಡುತ್ತಾರೆ.