ಬೊಗಳದ ನಾಯಿಗಳು

“ಗುರುಗಳೇ, ತಪ್ಪು ನನ್ನದಲ್ಲದಿದ್ದರೂ ನಾನೇ ಮೊದಲು ಹೋಗಿ ಮಾತನಾಡಿಸಬೇಕೇ?” ಎಂದು ಶಿಷ್ಯನೊಬ್ಬನು ಕೇಳಿದನು.

ಗುರುಗಳು ಹೇಳಿದರು:

ದಕ್ಷಿಣದ ಮಹಾಸಾಗರದ ನಡುವೆ ಒಂದು ದ್ವೀಪ. ಅಲ್ಲಿಯ ಜನರ ಹಿರಿಯರು ದೋಣಿಗಳಲ್ಲಿ ಬಂದವರು. ಬರುವಾಗ ಕೆಸುವಿನ ಗಡ್ಡೆಯನ್ನೂ ನಾಯಿಗಳನ್ನೂ ಜೊತೆಗೆ ತಂದಿದ್ದರು. ಗಿಡ್ಡ ಕಾಲು, ಉದ್ದ ಮೈ, ಪೊದೆಯಂತಹ ಬಾಲ. ಆ ನಾಯಿಗಳು ಬೊಗಳುತ್ತಿರಲಿಲ್ಲ. ಮನಸ್ಸು ಬಂದಾಗ ಮುಖ ಮೇಲೆತ್ತಿ ಸಣ್ಣಗೆ ಊಳಿಡುತ್ತಿದ್ದವು, ಅಷ್ಟೇ. ಮನೆಯವರು ತಿನ್ನುವ ಮೀನನ್ನೂ ಗಡ್ಡೆಯನ್ನೂ ತಿಂದು ಮಕ್ಕಳ ಮಗ್ಗುಲಲ್ಲಿ ಮಲಗುತ್ತಿದ್ದವು.

ಮುಂದೆ ದೂರದೇಶದ ಹಡಗುಗಳು ಬಂದವು. ಹಡಗಿನಿಂದ ಎತ್ತರದ ನಾಯಿಗಳು ಇಳಿದವು. ಅವು ಬೊಗಳಿದಾಗ ಜನ ಬೆರಗಾದರು. ಎಲ್ಲರಿಗೂ ಅಂಥ ಮರಿಯೇ ಬೇಕಾಯಿತು. ಹಳೆಯ ನಾಯಿಗಳನ್ನು ಯಾರೂ ಓಡಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಎರಡೂ ಕೂಡಿದವು, ಹುಟ್ಟಿದ ಮರಿಗಳೆಲ್ಲ ಬೊಗಳತೊಡಗಿದವು. ಕೊನೆಗೆ ಒಬ್ಬ ಬೆಸ್ತನ ಮನೆಯಲ್ಲಿ ಮಾತ್ರ ಹಳೆಯ ತಳಿಯ ಎರಡು ಮರಿಗಳು ಉಳಿದವು. ಒಂದು ಗಂಡು, ಒಂದು ಹೆಣ್ಣು.

ಬೆಸ್ತನಿಗೆ ಇಬ್ಬರು ಮಕ್ಕಳು. ಮಗಳು ತಿಯಾರೆ ದೊಡ್ಡವಳು, ಮಗ ಕಾಹು ಚಿಕ್ಕವನು. ಬೆಸ್ತನು ಸಾಯುವ ಮುನ್ನ ಹೆಣ್ಣುಮರಿಯನ್ನು ಮಗಳಿಗೂ ಗಂಡುಮರಿಯನ್ನು ಮಗನಿಗೂ ಕೊಟ್ಟು, “ಇವುಗಳಿಗೆ ಹುಟ್ಟಿದ್ದನ್ನು ಇಬ್ಬರೂ ಹಂಚಿಕೊಳ್ಳಿ” ಎಂದನು.

ತಂದೆಯನ್ನು ಹೂಳಿದ ಮರುದಿನವೇ ಕಾಹು ಅವನ ದೋಣಿಯನ್ನು ಕಡಲಿಗೆ ಇಳಿಸಿದನು. ಹಿಂತಿರುಗಿದಾಗ ಅಕ್ಕ ದಡದಲ್ಲಿ ನಿಂತಿದ್ದಳು.

“ನನ್ನನ್ನು ಒಂದು ಮಾತು ಕೇಳಬೇಕಿತ್ತು, ತಮ್ಮಾ.”

“ಅಪ್ಪನ ದೋಣಿ ತೆಗೆಯಲು ಯಾರನ್ನು ಕೇಳಲಿ, ಅಕ್ಕಾ?”

ಅಷ್ಟೇ ಮಾತು. ಕಾಹು ದೋಣಿಯನ್ನೂ ತನ್ನ ನಾಯಿಯನ್ನೂ ತೆಗೆದುಕೊಂಡು ಹೋಗಿ ಗುಡ್ಡದ ಆಚೆಯ ದಡದಲ್ಲಿ ಮನೆ ಮಾಡಿದನು. ನಡುವೆ ಅರ್ಧ ದಿನದ ದಾರಿ.

ತಿಯಾರೆ ತನ್ನ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅದು ಬೆದೆಗೆ ಬಂದ ದಿನಗಳಲ್ಲಿ ಬಾಗಿಲಿಗೆ ಅಡ್ಡವಾಗಿ ಕುಳಿತು, ಊರಿನ ಗಂಡುನಾಯಿಗಳನ್ನು ಕೋಲಿನಿಂದ ಅಟ್ಟುತ್ತಿದ್ದಳು. ತಂದೆಯ ತಳಿ ಕೆಡಬಾರದೆಂದು ಅವಳ ಹಟ. ಗುಡ್ಡದಾಚೆ ಕಾಹುವಿಗೂ ಅದೇ ಹಟ. ಅವನೂ ತನ್ನ ನಾಯಿಯನ್ನು ಕಟ್ಟಿ ಕಾದನು.

ಊರಿನ ಮುದುಕಿಯೊಬ್ಬಳು ತಿಯಾರೆಯ ಬಳಿಗೆ ಬಂದು, “ಮಗಳೇ, ನಾಯಿಯ ಆಯುಸ್ಸು ನಮ್ಮಷ್ಟಿಲ್ಲ. ಮೊದಲು ಎರಡನ್ನೂ ಕೂಡಿಸಿ, ದೋಣಿಯ ಮಾತನ್ನು ಆಮೇಲೆ ಆಡಿಕೊಳ್ಳಿರಂತೆ” ಎಂದಳು.

“ಅವನು ಬರಲಿ ಅಜ್ಜೀ. ನಾನು ಬೇಡವೆಂದೆನೇ?” ಎಂದಳು ತಿಯಾರೆ.

ಮುದುಕಿ ಗುಡ್ಡ ಹತ್ತಿ ಕಾಹುವಿನ ಬಳಿಗೂ ಹೋದಳು. ಅವನು, “ಅಕ್ಕ ಕರೆಯಲಿ” ಎಂದನು. ಮುದುಕಿ ಮತ್ತೊಮ್ಮೆ ಗುಡ್ಡ ಹತ್ತಲಿಲ್ಲ.

ಹನ್ನೊಂದು ವರ್ಷ ಕಳೆದವು.

ಒಂದು ಬೆಳಿಗ್ಗೆ ತಿಯಾರೆ ಬಲೆ ಹೆಣೆಯುತ್ತಿದ್ದಳು. ತಲೆ ಎತ್ತಿದಾಗ ಕಾಹು ಗುಡ್ಡ ಇಳಿದು ಬರುವುದು ಕಾಣಿಸಿತು. ಹೆಗಲ ಮೇಲೆ ನಾಯಿ. ಅದರ ಕಣ್ಣಿಗೆ ಪೊರೆ ಬಂದಿತ್ತು, ಕಾಲಿಗೆ ಬಲವಿರಲಿಲ್ಲ. ತಮ್ಮನ ಕೂದಲೂ ಅಲ್ಲಲ್ಲಿ ನರೆತಿತ್ತು. ತಿಯಾರೆ ಬಲೆಯನ್ನು ಬಿಟ್ಟು ಓಡಿದಳು. ಅವನು ಬಂದಾಗ ಆಡಬೇಕೆಂದು ಕೂಡಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾಯಿಯನ್ನು ಅವನ ಹೆಗಲಿನಿಂದ ಇಳಿಸಿಕೊಂಡು, “ಹಸಿದಿದ್ದೀಯೆ, ಒಳಗೆ ಬಾ” ಎಂದಳು.

ಎರಡು ನಾಯಿಗಳೂ ಒಂದನ್ನೊಂದು ಮೂಸಿ ಒಂದೇ ಚಾಪೆಯ ಮೇಲೆ ಮಲಗಿದವು. ಅಕ್ಕತಮ್ಮಂದಿರು ಗಡ್ಡೆಯನ್ನು ಬೇಯಿಸಿ, ಅರೆದು, ಬೆರಳಿನಲ್ಲಿ ತಿನ್ನಿಸಿದರು. ಒಂದು ಮಳೆಗಾಲವಿಡೀ ಕಾದರು. ಹೆಣ್ಣುನಾಯಿ ಮತ್ತೆ ಬೆದೆಗೆ ಬರಲೇ ಇಲ್ಲ. ಮಳೆ ನಿಂತ ಮೇಲೆ ಗಂಡುನಾಯಿ ಸತ್ತಿತು. ಕೆಲವು ದಿನಗಳಲ್ಲಿ ಹೆಣ್ಣುನಾಯಿಯೂ ಸತ್ತಿತು. ಅವೆರಡನ್ನೂ ಹೂಳಿ ಬಂದ ದಿನ ಇಬ್ಬರೂ ಒಲೆ ಹಚ್ಚಲಿಲ್ಲ.

ಕಾಹು ಮತ್ತೆ ಗುಡ್ಡದಾಚೆ ಹೋಗದೆ ಅಕ್ಕನ ಮನೆಯ ಪಕ್ಕದಲ್ಲೇ ನೆಲೆಸಿದನು. ಬದುಕಿರುವತನಕ ಇಬ್ಬರೂ ಒಂದೇ ದೋಣಿಯಲ್ಲಿ ಮೀನಿಗೆ ಹೋದರು. ಒಂದು ದಿನವೂ ಜಗಳವಾಡಲಿಲ್ಲ. ದ್ವೀಪದಲ್ಲಿ ಈಗಲೂ ಮನೆಗೊಂದು ನಾಯಿ ಇದೆ. ಆ ಹಳೆಯ ನಾಯಿ ಹೇಗೆ ಕೂಗುತ್ತಿತ್ತೆಂದು ಹೇಳಬಲ್ಲವರು ಮಾತ್ರ ಯಾರೂ ಇಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನು, “ಗುರುಗಳೇ, ದೋಣಿಯ ವಿಷಯದಲ್ಲಿ ತಪ್ಪು ಯಾರದು? ಅಕ್ಕನದೋ ತಮ್ಮನದೋ?” ಎಂದು ಕೇಳಿದನು.

“ನಾನು ಒಂದು ತಳಿ ಅಳಿದ ಕತೆ ಹೇಳಿದೆ, ನೀನು ಇನ್ನೂ ತಪ್ಪು ಯಾರದೆಂದೇ ಕೇಳುತ್ತಿದ್ದೀಯೆ” ಎಂದರು ಗುರುಗಳು.