ಅಂಗಳದಲ್ಲಿ ನಿಂತವನ ನಾಡಿ

"ಗುರುಗಳೇ, ತೊಗಲು ಹದ ಮಾಡುವವರ ಕೇರಿಯಲ್ಲಿ ಗಂಡಸರು ನಲವತ್ತು ದಾಟುವುದೇ ಅಪರೂಪ. ಅವರ ಕುಡಿತವೇ ಅವರನ್ನು ಕೊಲ್ಲುತ್ತಿದೆ ಎನ್ನುತ್ತಾರೆ. ನಿಜವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಕುಡಿತ ಕೊಲ್ಲುತ್ತದೆ, ಇಲ್ಲವೆನ್ನಲಾರೆ. ಆದರೂ ಈ ಕತೆ ಕೇಳು.

ಅಂಥದೇ ಕೇರಿಯಲ್ಲಿ ಒಬ್ಬನಿದ್ದ. ಹಗಲೆಲ್ಲ ಸುಣ್ಣದ ಗುಂಡಿಯಲ್ಲಿ ನಿಂತು ತೊಗಲು ಹೊರಳಿಸುವುದು, ಸಂಜೆ ಒಂದು ಮೊಗೆ ಹೆಂಡ. ಅವನ ಮಗಳು ಬಸುರಿಯಾದಳು. ಅವನ ಅಪ್ಪ ಮೊಮ್ಮಕ್ಕಳನ್ನು ಕಂಡವನಲ್ಲ, ಅಜ್ಜನೂ ಕಂಡವನಲ್ಲ. ತಾನಾದರೂ ಮೊಮ್ಮಗುವನ್ನು ಎತ್ತಿ ಆಡಿಸಬೇಕೆಂದು ಅವನಿಗೆ ಆಸೆಯಾಯಿತು. ಆದರೆ ಎದೆಯಲ್ಲಿ ಆಗಲೇ ನೋವು ಶುರುವಾಗಿತ್ತು. ವೈದ್ಯರ ಮನೆಗೆ ಹೋದ.

ವೈದ್ಯರು ಜಗಲಿಯ ಮೇಲೆ, ಅವನು ಅಂಗಳದಲ್ಲಿ. 'ಕುಡಿಯೋದು ಬಿಡು, ಸರಿಹೋಗುತ್ತೆ' ಎಂದರು. ಉಪದೇಶ ಕೊಡುವುದಕ್ಕೆ ಮೈಲಿಗೆಯ ಭಯವಿಲ್ಲ ನೋಡು.

ಅವನು ಅಂದೇ ಬಿಟ್ಟ. ಹೊಗೆಸೊಪ್ಪನ್ನೂ ಬಿಟ್ಟ. ಗೆಳೆಯರು 'ಸ್ವಾಮಿಗಳು ಬಂದರು' ಎಂದು ಗೇಲಿ ಮಾಡಿದರು. ನೋವು ಮಾತ್ರ ಬಿಡಲಿಲ್ಲ. ಮತ್ತೆ ಹೋಗಿ ಅಂಗಳದಲ್ಲಿ ನಿಂತ.

'ಇನ್ನೂ ಕುಡೀತಿದ್ದೀಯೇನೋ?'

'ಇಲ್ಲ ಬುದ್ಧಿ, ಬಿಟ್ಟು ಬಾಳ ದಿನ ಆಯ್ತು. ನೋವು ಈಗ ಕೈಗೂ ಇಳೀತದೆ.'

'ಬಿಟ್ಟವನು ಹೀಗಿರ್ತಾನೇನೋ? ಪೂರ್ತಿ ಬಿಡು, ಹೋಗು.'

ವೈದ್ಯರ ಬೀದಿಯಲ್ಲೇ ಇದ್ದ ಒಬ್ಬ ಸಾಹುಕಾರನಿಗೂ ಎದೆನೋವಿತ್ತು. ಅವನೂ ಕುಡಿಯುತ್ತಿದ್ದ, ಬೆಳ್ಳಿ ಲೋಟದಲ್ಲಿ. ಶಂಖದಿಂದ ಬಿದ್ದರೆ ತೀರ್ಥ ಎನ್ನುತ್ತಾರಲ್ಲ, ಹಾಗಾಗಿ ಅದನ್ನು ಯಾರೂ ಕುಡಿತ ಎನ್ನಲಿಲ್ಲ. ವೈದ್ಯರು ಅವನ ಮಂಚದ ಮೇಲೆ ಕುಳಿತು, ಮುಂಗೈ ಹಿಡಿದು, ಕಣ್ಣು ಮುಚ್ಚಿ ನಾಡಿ ನೋಡಿದರು. ಭಸ್ಮವನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದರು. ಸಾಹುಕಾರ ಮೊಮ್ಮಕ್ಕಳ ಮದುವೆ ಊಟ ಉಂಡ.

ಕೇರಿಯವನು ಒಂದು ಬೆಳಿಗ್ಗೆ ಗುಂಡಿಯಲ್ಲೇ ಕುಸಿದು ಸತ್ತ. ಮಗಳ ಹೆರಿಗೆಗೆ ಇನ್ನೂ ದಿನವಿತ್ತು. ಸುದ್ದಿ ಕೇಳಿದ ವೈದ್ಯರು, 'ಕದ್ದು ಕುಡೀತಿದ್ದನೇನೋ, ಪಾಪ' ಎಂದರು. ಆ ಮಾತು ಕೇರಿಗೂ ಬಂತು. ದೊಡ್ಡವರ ಮಾತು ಸುಳ್ಳಾದೀತೇ? ಹೆಣ ಮಣ್ಣಾದ ಮೇಲೆ ಅವನ ಹೆಂಡತಿ ಮನೆಯ ಗಡಿಗೆಗಳನ್ನೆಲ್ಲ ಒಂದೊಂದಾಗಿ ಇಳಿಸಿ ಮೂಸಿ ನೋಡಿದಳು. ಯಾವುದರಲ್ಲೂ ಹೆಂಡದ ವಾಸನೆಯಿರಲಿಲ್ಲ. ಆದರೂ ಅವಳಿಗೆ ಗಂಡನ ಮೇಲೆ ನಂಬಿಕೆ ಬರಲಿಲ್ಲ. ಅವನ ಸಾವಿಗಿಂತ ಇದೇ ನನಗೆ ಹೆಚ್ಚು ಸಂಕಟ."

ಶಿಷ್ಯ ಕೇಳಿದ: "ಹಾಗಾದರೆ ಅವನು ಯಾವ ರೋಗದಿಂದ ಸತ್ತ, ಗುರುಗಳೇ?"

"ಅದು ತಿಳಿಯಬೇಕಾದರೆ ಯಾರಾದರೂ ಒಮ್ಮೆ ಅವನ ಕೈ ಹಿಡಿದು ನೋಡಬೇಕಿತ್ತಪ್ಪ."