ನಡುವೆ ನಿಂತ ಕರ್ನಲ್

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಲಿಂಗೈಕ್ಯರಾದ ಹಿಂದಿನ ಗುರು ದೊಡ್ಡಜ್ಜನವರ ಪ್ರವಚನಗಳೆಲ್ಲ ಅವರದೇ ದನಿಯಲ್ಲಿ ಅದರೊಳಗಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಅದು ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಯಂತ್ರ. ಆಗಾಗ ಹೊಸ ಕರ್ನಲ್ ಹಾಕಬೇಕು. ಕರ್ನಲ್ ಎಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ತಿರುಳು. ಆ ಕೆಲಸ ಯಾವಾಗಲೂ ಹಿರಿಯ ಶಿಷ್ಯ ರೇವಣಸಿದ್ಧನದು.

ಈ ಸಲ ಅಜ್ಜಾರು, ಅಂದರೆ ಈಗಿನ ಗುರುಗಳು, "ಅಡಿವೆಪ್ಪ ಹಾಕಲಿ" ಎಂದರು.

ಕಿರಿಯ ಶಿಷ್ಯ ಅಡಿವೆಪ್ಪ ಮಠಕ್ಕೆ ಬಂದದ್ದೇ ಹೋದ ದೀಪಾವಳಿಗೆ.

"ನನ್ನ ಕೆಲಸದಾಗ ಏನ್ ಕೊರತಿ ಆತ್ರಿ ಅಜ್ಜಾರ?" ಎಂದು ಕೇಳಿದ ರೇವಣಸಿದ್ಧ.

"ಏನಿಲ್ಲೋ. ನೀ ಬಾಜೂಕ ಕುಂತು ನೋಡು."

ಕುಂತು ನೋಡುವುದೆ! ರೇವಣಸಿದ್ಧನ ಹೊಟ್ಟೆಗೆ ಬೆಂಕಿ ಬಿತ್ತು. ಹಣೆ ತುಂಬ ವಿಭೂತಿ ಇದ್ದರೂ ಹೊಟ್ಟೆಕಿಚ್ಚು ಚೆನ್ನಾಗಿಯೇ ಉರಿಯುತ್ತದೆ.

ಮರುದಿನ ಎಲ್ಲರೂ ಪೂಜೆಗೆ ಕೂತಾಗ ಅವನೊಬ್ಬನೇ ಹೋಗಿ ಕೆಲಸ ಶುರುಮಾಡಿದ. ತಾನೇ ಮುಗಿಸಿಬಿಟ್ಟರೆ ಆಮೇಲೆ ಅಡಿವೆಪ್ಪನ ಮುಖ ನೋಡಬೇಕು!

ನಡುವೆ ಯಂತ್ರ ಒಂದು ಪ್ರಶ್ನೆ ಕೇಳಿತು: ಹಳೆಯ ಸೆಟ್ಟಿಂಗ್ ಉಳಿಸಲೋ, ಹೊಸದನ್ನು ಹಾಕಲೋ?

ಹಿಂದೆಂದೂ ಹೀಗೆ ಕೇಳಿರಲಿಲ್ಲ. ಅಡಿವೆಪ್ಪನಿಗೆ ಇಂಥವೆಲ್ಲ ಗೊತ್ತಿರುತ್ತವೆ. ಆದರೆ ಅವನನ್ನು ಕೇಳುವುದುಂಟೆ? ರೇವಣಸಿದ್ಧ ಪರದೆಯ ಮೇಲಿನ ಆ ಕಿಟಕಿಯನ್ನು ಅಡಗಿಸಿ ಎದ್ದು ಬಂದ.

ಪ್ರಸಾದ ಮುಗಿಸಿ ಅಡಿವೆಪ್ಪ ಕೆಲಸಕ್ಕೆ ಕೂತ. ಅಜ್ಜಾರೂ ರೇವಣಸಿದ್ಧನೂ ಬಂದು ಕೂತರು. ಎಷ್ಟು ಹೊತ್ತಾದರೂ ಕೆಲಸ ಅಲ್ಲಾಡಲಿಲ್ಲ.

"ಒಳಗ ಬ್ಯಾರೆ ಯಾವುದೋ ಕೆಲಸ ಬೀಗ ಹಿಡದು ಕುಂತೈತ್ರಿ," ಎಂದ ಅಡಿವೆಪ್ಪ. "ಅದು ಬಿಡೂತನಕ ನಂದು ಮುಂದ ಹೋಗಂಗಿಲ್ಲ."

ರೇವಣಸಿದ್ಧನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಿನ್ನೆ ಮೊನ್ನೆ ಬಂದಾವ್ರ ಕೈಗೆ ಕೊಟ್ರ ಹಿಂಗ ಆಗೂದು," ಎಂದ. "ಪ್ಲಗ್ ಕಿತ್ತು ಮತ್ತ ಹಚ್ಚು. ಸರಿ ಹೋಗ್ತೈತಿ."

"ಬ್ಯಾಡಣ್ಣಾ. ಅರ್ಧಕ್ಕ ಕಿತ್ರ ಯಂತ್ರ ಮತ್ತ ಏಳಲಿಕ್ಕಿಲ್ಲ. ಒಳಗಿಂದೂ ಹೋದೀತು."

ಅದು ರೇವಣಸಿದ್ಧನಿಗೂ ಗೊತ್ತಿತ್ತು. ಹಾಳಾದರೆ ಕೆಟ್ಟ ಹೆಸರು ಅಡಿವೆಪ್ಪನಿಗೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅಜ್ಜಾರು ಇಬ್ಬರನ್ನೂ ನೋಡಿದರು.

"ರೇವಣ, ನೀ ಹಿರಿಯಾಂವ. ಪ್ಲಗ್ ನೀನ ಕೀಳು."

ಅವನು ಬಗ್ಗಿ ಪ್ಲಗ್ ಹಿಡಿದ. ಆಗ ದೊಡ್ಡಜ್ಜನ ದನಿ ನೆನಪಾಯಿತು. ಪ್ರವಚನದ ನಡುವೆ ನಿಲ್ಲಿಸಿ, ಬಾಗಿಲಲ್ಲಿ ನಿಂತವರನ್ನು "ಊಟ ಆತೇನೋ ತಮ್ಮಾ?" ಎಂದು ಕೇಳುತ್ತಿದ್ದ ದನಿ. ಅದೂ ಈ ಯಂತ್ರದೊಳಗೇ ಇತ್ತು.

"ಕೀಳು," ಎಂದರು ಅಜ್ಜಾರು.

ಅವನು ಪ್ಲಗ್ ಬಿಟ್ಟು ಎದ್ದ.

"ಆಗೂದಿಲ್ರಿ ಅಜ್ಜಾರ. ಒಳಗ ಬೀಗ ಹಿಡದು ಕುಂತದ್ದು ನಂದ ಕೆಲಸ. ಇವಂಗ ಹೆಸರು ಬರಬಾರದು ಅಂತ ಮುಂಜಾನೆ ನಾನ ಶುರು ಮಾಡಿದ್ದೆ. ನಡುವ ಗೊತ್ತಾಗಲಿಲ್ಲ, ಬಿಟ್ಟು ಬಂದೆ."

ತಲೆ ಎತ್ತದೆಯೇ ಅವನು ಅಡಗಿಸಿದ್ದ ಕಿಟಕಿಯನ್ನು ತೆರೆದ. ಪ್ರಶ್ನೆ ಹಾಗೇ ನಿಂತಿತ್ತು.

ಅಡಿವೆಪ್ಪ ಏನೋ ಹೇಳಹೋದ. ಅಜ್ಜಾರು ಕೈಯೆತ್ತಿ ತಡೆದರು.

"ಏನು ಒತ್ತಲ್ರಿ ಅಜ್ಜಾರ?" ಎಂದ ರೇವಣಸಿದ್ಧ.

"ನನಗೇನು ಗೊತ್ತೋ," ಎಂದರು ಅಜ್ಜಾರು. "ಗೊತ್ತಿದ್ದಾಂವ ನಿನ್ನ ಮಗ್ಗಲಾಗ ಕುಂತಾನ. ಅವನ್ನ ಕೇಳು."